ಸಜ್ಜೆ ಉದುರಿದ ಮಾತ್ರಕ್ಕೆ ಮನೆ ಕೆಡವಬೇಕೇ?

ಪ್ರಶ್ನೆ: ನಾವಿರುವುದು ಹಳೆಯ ನಗರದ ನಡುಭಾಗದಲ್ಲಿ, ಸುಮಾರು ಎಂಬತ್ತು ವರ್ಷದ ಹಿಂದೆ ಸರ್ಕಾರ ಕಟ್ಟಿಸಿದ ಬಾಡಿಗೆ ವಸತಿ ಸಮುಚ್ಚಯದಲ್ಲಿ. ನಾಲ್ಕು ಅಂತಸ್ತು, ದಪ್ಪ ಇಟ್ಟಿಗೆ ಗೋಡೆ, ಕಾಂಕ್ರೀಟ್ ಚಾವಣಿ, ನಡುವೆ ಅಂಗಳ. ಕೆಳಮನೆಗಳ ಗೋಡೆ ತೇವ ಹಿಡಿದಿದೆ, ಮೇಲಿನ ಸಜ್ಜೆಗಳು ಉದುರುತ್ತಿವೆ. ಎಲ್ಲವನ್ನೂ ಕೆಡವಿ ‘ಹಸಿರು ಕಟ್ಟಡ’ ಕಟ್ಟಿಕೊಡುತ್ತೇವೆ ಎಂದು ವಸತಿ ಮಂಡಳಿ ಹೇಳುತ್ತಿದೆ. ಒಂದು ಇಟ್ಟಿಗೆಯನ್ನೂ ಮುಟ್ಟಬಾರದು ಎಂದು ಪರಂಪರೆ ಸಮಿತಿ ಪಟ್ಟು ಹಿಡಿದಿದೆ. ಯಾರ ಮಾತು ಸರಿ? ಬಾಡಿಗೆದಾರರ ಸಂಘದವರಾಗಿ ನಾವು ಏನನ್ನು ಕೇಳಬೇಕು?

ಉತ್ತರ: ಮಂಡಳಿಯೂ ಸಮಿತಿಯೂ ಮಾಡುತ್ತಿರುವ ತಪ್ಪು ಒಂದೇ. ರೋಗ ಯಾವುದೆಂದು ನೋಡುವ ಮೊದಲೇ ಇಬ್ಬರೂ ಮದ್ದು ಬರೆದಿದ್ದಾರೆ. ನಿಮ್ಮ ಪತ್ರದಲ್ಲಿ ಇರುವುದು ಎರಡು ದೂರು: ತೇವ ಮತ್ತು ಉದುರುವ ಸಜ್ಜೆ. ಎರಡರ ಕಾರಣ ಬೇರೆ, ಪರೀಕ್ಷೆ ಬೇರೆ, ರಿಪೇರಿಯೂ ಬೇರೆ. ಇಷ್ಟನ್ನೇ ಇಟ್ಟುಕೊಂಡು ಕಟ್ಟಡ ಕೆಡವಲು ಬರುವುದಿಲ್ಲ. ಹಳೆಯದು ಎಂಬ ಒಂದೇ ಕಾರಣಕ್ಕೆ ಉಳಿಸಲೂ ಬರುವುದಿಲ್ಲ.

ತೇವದಿಂದ ಶುರು ಮಾಡೋಣ. ನಿಮ್ಮ ಕಾಲದ ದಪ್ಪ ಇಟ್ಟಿಗೆ ಗೋಡೆಗಳು ನೀರನ್ನು ಪೂರ್ತಿ ತಡೆಯುವುದಕ್ಕೆಂದು ಕಟ್ಟಿದವಲ್ಲ. ಒಂದಿಷ್ಟು ನೀರನ್ನು ಹೀರಿಕೊಂಡು, ಬಿಸಿಲು ಗಾಳಿ ಬಂದಾಗ ಹೊರಗೆ ಬಿಡುವುದು ಅವುಗಳ ಸ್ವಭಾವ. ಇಟ್ಟಿಗೆಗಳ ನಡುವೆ ಸುಣ್ಣದ ಗಾರೆ ಇದ್ದರೆ ಈ ಕೆಲಸ ಸಲೀಸು. ಸುಣ್ಣ ಮೆದು, ಅದರಲ್ಲಿ ಸಣ್ಣ ರಂಧ್ರಗಳಿರುತ್ತವೆ. ಗೋಡೆಯ ತೇವ ಬಹುಪಾಲು ಗಾರೆಯ ಸಂದಿನಿಂದ ಆರಿಹೋಗುತ್ತದೆ. ಎಂದೋ ಒಂದು ದಿನ ಯಾರೋ ಇಂಜಿನಿಯರು ಬಂದು, ಗೋಡೆ ಹಸಿಯಾಗಿದೆ ಎಂದು ಗಟ್ಟಿ ಸಿಮೆಂಟ್ ಗಿಲಾವು ಹಾಕಿಸಿ, ಅದರ ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿಸಿರುತ್ತಾರೆ. ಅಲ್ಲಿಂದ ನೀರಿಗೆ ಒಳಬರುವ ದಾರಿ ಇದೆ, ಹೊರಹೋಗುವ ದಾರಿ ಇಲ್ಲ.

ಇದನ್ನು ನೀವೇ ನೋಡಬಹುದು. ಕೆಳಮನೆಯ ಗೋಡೆಯನ್ನು ಮೊಣಕಾಲೆತ್ತರದಲ್ಲಿ ಬೆರಳಿನ ಗೆಣ್ಣಿನಿಂದ ತಟ್ಟುತ್ತಾ ಮೇಲಕ್ಕೆ ಹೋಗಿ. ಟೊಳ್ಳು ಸದ್ದು ಬಂದ ಕಡೆ ಗಿಲಾವು ಇಟ್ಟಿಗೆಯನ್ನು ಬಿಟ್ಟು ಎದ್ದಿದೆ ಎಂದು ಅರ್ಥ. ಅಲ್ಲಿ ಅಂಗೈಯಗಲ ಕೆತ್ತಿ ತೆಗೆದರೆ ಹಿಂದಿನ ಇಟ್ಟಿಗೆ ಒದ್ದೆಯಾಗಿರುತ್ತದೆ, ಮುಟ್ಟಿದರೆ ಕೆಂಪು ಪುಡಿ ಕೈಗೆ ಹತ್ತುತ್ತದೆ, ಗಿಲಾವಿನ ಒಳಮೈಯಲ್ಲಿ ಬಿಳಿಯ ಉಪ್ಪು ಹತ್ತಿಯಂತೆ ಮೂಡಿರುತ್ತದೆ. ನೀರಿನ ಜೊತೆ ಕರಗಿ ಬಂದ ಆ ಉಪ್ಪು ಆರುವಾಗ ಹರಳುಗಟ್ಟಿ ಇಟ್ಟಿಗೆಯ ಮೈಯನ್ನೇ ಸೀಳುತ್ತದೆ. ನೆಲದಿಂದ ಏರುವ ತೇವ ಸಾಮಾನ್ಯವಾಗಿ ಒಂದು ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಸಿಮೆಂಟ್ ಗಿಲಾವು ಹಾಕಿದರೆ ಆರಲು ಜಾಗವಿಲ್ಲದೆ ಅದು ಇನ್ನೂ ಮೇಲಕ್ಕೆ ಹತ್ತುತ್ತದೆ. ಆಗ ಮತ್ತೊಬ್ಬ ಇಂಜಿನಿಯರು ಬಂದು ಗಿಲಾವನ್ನು ಇನ್ನಷ್ಟು ಎತ್ತರಕ್ಕೆ ಏರಿಸುತ್ತಾರೆ!

ಇನ್ನೊಂದು ಮಾತು. ಏರುವ ತೇವ ಎಂದು ಬರೆದುಕೊಂಡ ಎಷ್ಟೋ ಗೋಡೆಗಳಲ್ಲಿ ನಿಜವಾದ ಕಳ್ಳ ಒಡೆದ ಮಳೆನೀರಿನ ಕೊಳವೆ, ಸೋರುವ ಒಳಚರಂಡಿ, ಇಲ್ಲವೇ ಅಂಗಳಕ್ಕೆ ಮತ್ತೆ ಮತ್ತೆ ಕಾಂಕ್ರೀಟ್ ಹಾಕಿ ಒಳನೆಲಕ್ಕಿಂತ ಎತ್ತರವಾದ ಹೊರನೆಲ. ಇವನ್ನು ಸರಿಪಡಿಸಲು ಕಟ್ಟಡ ಕೆಡವಬೇಕಿಲ್ಲ. ಅಂಗಳವನ್ನು ಅಗೆದು ತಗ್ಗಿಸಿ, ನೀರು ಇಂಗುವ ಹಾಗೆ ಕಲ್ಲು ಹಾಸಿ, ಕೊಳವೆ ಬದಲಿಸಿ, ಸಿಮೆಂಟ್ ಗಿಲಾವು ಕಿತ್ತು ಸುಣ್ಣದ ಗಿಲಾವು ಹಾಕಿದರೆ ಗೋಡೆ ಒಣಗುತ್ತದೆ. ಆದರೆ ದಪ್ಪ ಗೋಡೆ ಆರಲು ಋತುಗಳೇ ಬೇಕು. ಮೂರು ತಿಂಗಳಲ್ಲಿ ಒಣಗಿಸಿ ಕೊಡುತ್ತೇನೆ ಎನ್ನುವ ಗುತ್ತಿಗೆದಾರನನ್ನು ಬಾಗಿಲಿನಿಂದಲೇ ಕಳುಹಿಸಿ.

ಸಜ್ಜೆಯದು ಬೇರೆ ಕಥೆ. ಕಾಂಕ್ರೀಟಿನ ಒಳಗಿನ ಕಬ್ಬಿಣದ ಕಂಬಿಗೆ ತುಕ್ಕು ಹಿಡಿಯದಂತೆ ಕಾಯುವುದು ಸಿಮೆಂಟಿನ ಕ್ಷಾರಗುಣ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗಿಳಿಯುತ್ತಾ ಆ ಗುಣವನ್ನು ಕುಂದಿಸುತ್ತದೆ. ಅದು ಕಂಬಿಯನ್ನು ಮುಟ್ಟಿದ ದಿನದಿಂದ, ತೇವವೂ ಸೇರಿದರೆ, ತುಕ್ಕು ಶುರು. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುವುದರಿಂದ ಕಾಂಕ್ರೀಟ್ ಒಡೆದು ಚಕ್ಕೆಯಾಗಿ ಬೀಳುತ್ತದೆ. ಪರೀಕ್ಷೆ ಅಗ್ಗದ್ದು: ಒಂದು ಮೂಲೆಯನ್ನು ಒಡೆದು, ಆಗಷ್ಟೇ ಒಡೆದ ಮೈಯ ಮೇಲೆ ಫಿನಾಲ್ಫ್ತಲೀನ್ ಎಂಬ ರಾಸಾಯನಿಕದ ದ್ರಾವಣ ಸಿಂಪಡಿಸುತ್ತಾರೆ. ಕ್ಷಾರ ಉಳಿದಿರುವ ಕಡೆ ಕಡುಗುಲಾಬಿ ಬಣ್ಣ ಬರುತ್ತದೆ, ಕಳೆದುಕೊಂಡ ಕಡೆ ಬಣ್ಣವೇ ಬರುವುದಿಲ್ಲ. ಗುಲಾಬಿ ಗೆರೆ ಕಂಬಿಗಿಂತ ಹೊರಗಿದೆಯೋ ಒಳಗಿದೆಯೋ ಎಂಬುದರ ಮೇಲೆ ಆ ಕಾಂಕ್ರೀಟಿನ ಆಯುಷ್ಯ ನಿಂತಿದೆ.

ಸಜ್ಜೆ ತೆಳು, ಮೂರು ಕಡೆಯಿಂದಲೂ ಮಳೆ ಗಾಳಿಗೆ ತೆರೆದಿರುತ್ತದೆ. ಹಾಗಾಗಿ ಅದು ಮೊದಲು ಹೋಗುತ್ತದೆ. ಸಜ್ಜೆ ಹೋಯಿತು ಎಂದರೆ ಒಳಗಿನ ಚಾವಣಿಯೂ ಹೋಯಿತು ಎಂದಲ್ಲ. ಮಂಡಳಿಯ ವರದಿಯಲ್ಲಿ ಸಜ್ಜೆಗಳ ಫೋಟೋ ಮಾತ್ರ ಇದ್ದು, ಚಾವಣಿಯಲ್ಲಿ ಒಂದು ಕಡೆಯಾದರೂ ಕೊರೆದು ನೋಡಿದ ದಾಖಲೆ ಇಲ್ಲದಿದ್ದರೆ ಅದನ್ನು ವರದಿ ಎಂದು ನಾನು ಒಪ್ಪುವುದಿಲ್ಲ. ಪರೀಕ್ಷೆ ಮುಗಿಯುವವರೆಗೆ ಕಾಯುತ್ತಾ ಕೂರಬೇಡಿ. ಸಡಿಲವಾದ ಚಕ್ಕೆಗಳನ್ನು ಈಗಲೇ ತಟ್ಟಿ ಬೀಳಿಸಿ, ಕೆಳಗೆ ಬಲೆ ಕಟ್ಟಿಸಿ. ಅದಕ್ಕೆ ಯಾವ ಸಮಿತಿಯ ಅನುಮತಿಯೂ ಅಡ್ಡ ಬರಬಾರದು.

ಇನ್ನು ‘ಹಸಿರು’ ಎಂಬ ಮಾತಿನ ಲೆಕ್ಕ. ಹೊಸ ಕಟ್ಟಡ ಕಡಿಮೆ ವಿದ್ಯುತ್ ಬಳಸುತ್ತದೆ ಎಂಬುದು ನಿಜವಿರಬಹುದು. ಆದರೆ ಅದನ್ನು ಕಟ್ಟುವುದಕ್ಕೇ ಎಷ್ಟು ಇಂಗಾಲ ಹೊರಬಿತ್ತು ಎಂಬ ಬಾಬ್ತನ್ನು ಬ್ರೋಷರುಗಳು ಬರೆಯುವುದಿಲ್ಲ. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ಶೇ 7ರಿಂದ 8ರಷ್ಟು ಸಿಮೆಂಟಿನ ಪಾಲು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸುಡುವ ಇಂಧನದಿಂದ ಬರುವುದಲ್ಲ, ಸುಣ್ಣಕಲ್ಲು ಬೆಂದು ಒಡೆಯುವಾಗ ಅದರಿಂದಲೇ ಹೊರಬೀಳುವುದು. ಕುಲುಮೆಗೆ ಸೌರಶಕ್ತಿ ಕೊಟ್ಟರೂ ಆ ಪಾಲು ಇಳಿಯುವುದಿಲ್ಲ. ಕಟ್ಟಡವೊಂದರಲ್ಲಿ ಈ ಬಗೆಯ ಇಂಗಾಲದ ದೊಡ್ಡ ಪಾಲು ಇರುವುದು ಅಡಿಪಾಯ, ಕಂಬ, ಚಾವಣಿಗಳಲ್ಲಿ. ನಿಮ್ಮ ಕಟ್ಟಡದಲ್ಲಿ ಅದೆಲ್ಲ ಈಗಾಗಲೇ ನಿಂತಿದೆ. ಅಮೆರಿಕದ ನ್ಯಾಷನಲ್ ಟ್ರಸ್ಟ್ ಫಾರ್ ಹಿಸ್ಟಾರಿಕ್ ಪ್ರಿಸರ್ವೇಶನ್ ಎಂಬ ಪರಂಪರೆ ಸಂರಕ್ಷಣಾ ಸಂಸ್ಥೆ 2011ರಲ್ಲಿ ಮಾಡಿಸಿದ ಅಧ್ಯಯನದ ಪ್ರಕಾರ, ಹೊಸ ಕಟ್ಟಡ ಶೇ 30ರಷ್ಟು ಹೆಚ್ಚು ದಕ್ಷವಾಗಿದ್ದರೂ, ಕಟ್ಟುವಾಗ ಆದ ಹಾನಿಯನ್ನು ತೀರಿಸಲು 10ರಿಂದ 80 ವರ್ಷ ಬೇಕು. ಅಂತರ ಇಷ್ಟು ದೊಡ್ಡದಿರುವುದಕ್ಕೆ ಕಾರಣ ಕಟ್ಟಡದ ಬಗೆ ಮತ್ತು ಹವೆ. ಆದ್ದರಿಂದಲೇ ಯಾರೋ ಎಲ್ಲೋ ಮಾಡಿದ ಲೆಕ್ಕ ನಿಮಗೆ ಸಾಲದು. ಕೆಡವಿ ಕಟ್ಟುವ ಆಯ್ಕೆ, ಉಳಿಸಿ ದುರಸ್ತಿ ಮಾಡುವ ಆಯ್ಕೆ, ಎರಡಕ್ಕೂ ಅರುವತ್ತು ವರ್ಷಗಳ ಪೂರ್ತಿ ಲೆಕ್ಕವನ್ನು ಅಕ್ಕಪಕ್ಕ ಇಟ್ಟು ತೋರಿಸಿ ಎಂದು ಮಂಡಳಿಯನ್ನು ಕೇಳಿ.

ಉಳಿಸುವುದೆಂದರೆ ಇದ್ದ ಹಾಗೆ ಇರಿಸುವುದು ಎಂದು ಯಾರೂ ಭಾವಿಸಬೇಕಿಲ್ಲ. ಫ್ರಾನ್ಸಿನ ಬೋರ್ಡೊ ನಗರದ ಗ್ರಾಂ ಪಾರ್ಕ್ ಬಡಾವಣೆಯಲ್ಲಿ 1960ರ ದಶಕದ ಮೂರು ಸಾರ್ವಜನಿಕ ವಸತಿ ಕಟ್ಟಡಗಳಿದ್ದವು, ಒಟ್ಟು 530 ಮನೆ. ಇವನ್ನು ಕೆಡವುವ ಮಾತೂ ಎದ್ದಿತ್ತು. ಆನ್ ಲಕಾತೋಂ ಮತ್ತು ಜ್ಯಾಂ-ಫಿಲಿಪ್ ವಸಾಲ್ ಎಂಬ ವಾಸ್ತುಶಿಲ್ಪಿಗಳು ಇನ್ನಿಬ್ಬರು ಸಹೋದ್ಯೋಗಿಗಳ ಜೊತೆ ಸೇರಿ ಹಳೆಯ ಚೌಕಟ್ಟನ್ನು ಹಾಗೆಯೇ ಬಿಟ್ಟು, ಹೊರಮೈಗೆ ಸುಮಾರು 3.8 ಮೀಟರ್ ಆಳದ ಗಾಜಿನ ಜಗಲಿಗಳನ್ನು ಹೊಂದಿಸಿದರು. ಮೊದಲೇ ಅಚ್ಚು ಮಾಡಿ ತಂದ ಭಾಗಗಳನ್ನು ಕ್ರೇನಿನಿಂದ ಎತ್ತಿ ಕೂರಿಸಿದ್ದರಿಂದ ಕೆಲಸ ನಡೆಯುವಾಗ ಬಾಡಿಗೆದಾರರು ಮನೆ ಬಿಡಬೇಕಾಗಲಿಲ್ಲ, ಬಾಡಿಗೆಯೂ ಏರಲಿಲ್ಲ. ಚಳಿಗಾಲದಲ್ಲಿ ಆ ಜಗಲಿ ಒಳಮನೆಗೆ ಬೆಚ್ಚನೆಯ ಹೊದಿಕೆ, ಬೇರೆ ದಿನಗಳಲ್ಲಿ ಒಂದು ಹೆಚ್ಚಿನ ಕೋಣೆ. 2019ರಲ್ಲಿ ಈ ಕೆಲಸಕ್ಕೆ ಯುರೋಪಿನ ಮೀಸ್ ವಾನ್ ಡೆರ್ ರೋಹೆ ವಾಸ್ತುಶಿಲ್ಪ ಪ್ರಶಸ್ತಿ ಬಂತು. 2021ರಲ್ಲಿ ಲಕಾತೋಂ ಮತ್ತು ವಸಾಲ್ ಇಬ್ಬರಿಗೂ ವಾಸ್ತುಶಿಲ್ಪದ ಪ್ರಿಟ್ಜ್‌ಕರ್ ಪ್ರಶಸ್ತಿ ಸಿಕ್ಕಿತು. ನಿಮ್ಮ ಕಟ್ಟಡಕ್ಕೆ ಇದನ್ನೇ ನಕಲು ಮಾಡಲು ಆಗುವುದಿಲ್ಲ. ಹಳೆಯ ಬೀದಿಗೆ ಮುಖ ಮಾಡಿರುವ ಗೋಡೆಗೆ ಗಾಜಿನ ಜಗಲಿ ಅಂಟಿಸಿದರೆ ಸಮಿತಿಯವರು ಬಿಡಿ, ನಾನೇ ಎದುರು ನಿಲ್ಲುತ್ತೇನೆ. ಅಂಗಳದ ಕಡೆಯ ಮೈ ಬೇರೆ ಮಾತು. ಬೀದಿಯ ಮೈಯನ್ನು ಸುಣ್ಣ, ಇಟ್ಟಿಗೆ, ಮರದ ಕಿಟಕಿಗಳ ಮಟ್ಟದಲ್ಲೇ ದುರಸ್ತಿ ಮಾಡಿ, ಲಿಫ್ಟು, ಶೌಚಾಲಯ, ಜಗಲಿ, ಕೊಳವೆಗಳನ್ನೆಲ್ಲ ಅಂಗಳದ ಬದಿಗೆ ಸ್ವಂತ ಅಡಿಪಾಯದ ಮೇಲೆ ನಿಲ್ಲಿಸಿದರೆ ಹಳೆಯ ಗೋಡೆಗೆ ಹೊರೆಯಾಗುವುದಿಲ್ಲ. ಹಳೆಯ ಮನೆಗಳಲ್ಲಿ ಜನ ನಿಜವಾಗಿ ಬಯ್ಯುವುದು ಶೌಚಾಲಯ ಮತ್ತು ಮೆಟ್ಟಿಲುಗಳನ್ನು. ಈ ಎರಡನ್ನು ಬಗೆಹರಿಸದೆ ಪರಂಪರೆಯ ಬಗ್ಗೆ ಭಾಷಣ ಮಾಡಬಾರದು.

ಉಷ್ಣನಿರೋಧಕ ಹೊದಿಕೆಯ ವಿಷಯದಲ್ಲಿ ಮಾತ್ರ ಆತುರ ಬೇಡ. ಚಳಿ ಹವೆಯಲ್ಲಿ ದಪ್ಪ ಗೋಡೆಯ ಒಳಮೈಗೆ ಫೋಮ್ ಹಲಗೆ ಬಡಿದರೆ ಇಟ್ಟಿಗೆ ತಣ್ಣಗಾಗಿ, ಮನೆಯೊಳಗಿನ ಆವಿ ಹಲಗೆಯ ಹಿಂದೆ ನೀರಾಗಿ ನಿಲ್ಲುತ್ತದೆ. ಗೋಡೆಯೊಳಗೆ ಸಿಕ್ಕಿಸಿದ ಮರದ ತೊಲೆಗಳಿದ್ದರೆ ಅವುಗಳ ತುದಿ ಯಾರಿಗೂ ಕಾಣದಂತೆ ಕೊಳೆಯುತ್ತದೆ. ಮರದ ನಾರಿನ ಹಲಗೆ ಅಥವಾ ಸುಣ್ಣ ಬೆರೆಸಿದ ಹಗುರ ಗಿಲಾವು ಆವಿಯನ್ನು ಹಾದುಹೋಗಲು ಬಿಡುತ್ತದೆ. ತೆಳುವಾಗಿ ಹಾಕಿದರೂ ಸಾಕಷ್ಟು ಫಲವಿದೆ. ಮೊದಲು ಮಾಡಬೇಕಾದದ್ದು ಚಾವಣಿಯ ಮೇಲಿನ ಹೊದಿಕೆ, ಕಿಟಕಿ ಬಾಗಿಲುಗಳ ಸಂದು ಮುಚ್ಚುವುದು, ಜೊತೆಗೆ ಸರಿಯಾದ ಗಾಳಿ ವ್ಯವಸ್ಥೆ. ಬಿಸಿ ಹವೆಯಲ್ಲಿ ಚಾವಣಿಯ ಹೊದಿಕೆ ಮತ್ತು ನೆರಳು ಇನ್ನೂ ಮುಖ್ಯ. ದಪ್ಪ ಗೋಡೆ ಅಲ್ಲಿ ಹಗಲಿನ ಬಿಸಿಯನ್ನು ತಡವಾಗಿ ಒಳಗೆ ಬಿಡುತ್ತಾ ನಿಮ್ಮ ಪರವಾಗಿಯೇ ಕೆಲಸ ಮಾಡುತ್ತದೆ. ಹೊರಮೈಗೆ ಏನೇ ಹೊದಿಸಿದರೂ ಅದು ಬೆಂಕಿಗೆ ಹೇಗೆ ವರ್ತಿಸುತ್ತದೆ ಎಂಬ ಪ್ರಮಾಣಪತ್ರ ಕೇಳದೆ ಸಹಿ ಹಾಕಬೇಡಿ. ಲಂಡನ್ನಿನ ಗ್ರೆನ್‌ಫೆಲ್ ಟವರ್ ಸಾರ್ವಜನಿಕ ವಸತಿಯೇ. ಅದರ ಹೊರಮೈಗೆ ನವೀಕರಣದಲ್ಲಿ ಪಾಲಿಥೀನ್ ತಿರುಳಿನ ಅಲ್ಯೂಮಿನಿಯಂ ಹಲಗೆ ಹೊದಿಸಿದ್ದರು. 2017ರ ಜೂನ್ 14ರ ನಸುಕಿನಲ್ಲಿ ಹೊತ್ತಿದ ಬೆಂಕಿಯಲ್ಲಿ 72 ಜನ ಸತ್ತರು.

ಸಮಿತಿಯವರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ‘ಒಂದು ಇಟ್ಟಿಗೆಯನ್ನೂ ಮುಟ್ಟಬಾರದು’ ಎಂಬುದು ಸಂರಕ್ಷಣೆಯ ತತ್ವವಲ್ಲ. ಜನ ವಾಸಿಸುವ ಕಟ್ಟಡವನ್ನು ವಾಸಯೋಗ್ಯವಾಗಿ ಇಡುವುದು ಸಂರಕ್ಷಣೆಯ ಒಂದು ಭಾಗ ಎಂಬುದನ್ನು ಯುರೋಪಿನ ಕಟ್ಟಡ ಪರಂಪರೆಯ ಕುರಿತ 1975ರ ಆಮ್‌ಸ್ಟರ್‌ಡ್ಯಾಂ ಘೋಷಣೆಯೇ ಒಪ್ಪಿದೆ. ಹಳೆಯ ಬಡಾವಣೆಗಳ ದುರಸ್ತಿಯಿಂದ ಅಲ್ಲಿನ ನಿವಾಸಿಗಳು ಚೆದುರಬಾರದು ಎಂಬ ಮಾತೂ ಅದರಲ್ಲಿದೆ. ಇಟಲಿಯ ಬೊಲೋನ್ಯಾ ನಗರ ಇದಕ್ಕೆ ಎರಡು ವರ್ಷ ಮೊದಲು, 1973ರಲ್ಲಿ, ಸಾರ್ವಜನಿಕ ವಸತಿಯ ಹಣವನ್ನು ಹೊರವಲಯದ ಹೊಸ ಬಡಾವಣೆಗಳ ಬದಲು ಹಳೆಯ ಊರಿನ ಶಿಥಿಲ ಮನೆಗಳ ದುರಸ್ತಿಗೆ ಹಾಕುವ ಯೋಜನೆ ತಂದಿತು. ಪಿಯೆರ್ ಲೂಯಿಜಿ ಚೆರ್ವೆಲ್ಲಾತಿ ಅದರ ಮುಂದಾಳು. ಅಂಗಳ, ಮೆಟ್ಟಿಲು, ಕೋಣೆಗಳ ಜೋಡಣೆಯಲ್ಲಿ ಇರುವ ಮಾದರಿಗಳನ್ನು ಗುರುತಿಸಿ, ಆ ಮಾದರಿ ಕೆಡದಂತೆ ಒಳಗನ್ನು ಇಂದಿನ ಬದುಕಿಗೆ ಹೊಂದಿಸುವುದು ಅವರ ವಿಧಾನ. ಖಾಸಗಿ ಮನೆಗಳನ್ನು ಸ್ವಾಧೀನಪಡಿಸಿಕೊಳ್ಳುವ ಭಾಗಕ್ಕೆ ಮಾಲೀಕರ ವಿರೋಧ ಬಂದು, ಆಮೇಲೆ ನಗರ ಒಪ್ಪಂದದ ದಾರಿ ಹಿಡಿಯಿತು. ಆದರೂ ಊರಿನ ನಡುವೆ ಬಡವರ ಮನೆಯೂ ಪರಂಪರೆಯೇ ಎಂಬ ವಾದವನ್ನು ಕಾಗದದಿಂದ ಬೀದಿಗೆ ತಂದ ಹೆಸರು ಅದರದು. ನಿಮ್ಮ ಸಮಿತಿಯ ಬಳಿ ಒಂದು ಪಟ್ಟಿ ಕೇಳಿ: ಯಾವುದನ್ನು ಖಂಡಿತ ಉಳಿಸಬೇಕು, ಯಾವುದನ್ನು ಬದಲಿಸಬಹುದು, ಯಾವುದು ಹೋದರೂ ನಷ್ಟವಿಲ್ಲ. ಮೂರನೆಯ ಕಾಲಂ ಖಾಲಿ ಇದ್ದರೆ ಅವರು ಕಟ್ಟಡವನ್ನು ನೋಡಿಲ್ಲ.

ಕೆಡವಲೇಬೇಕಾದ ಸಂದರ್ಭವೂ ಉಂಟು. ಲಂಡನ್ನಿನಲ್ಲೇ ರೋನನ್ ಪಾಯಿಂಟ್ ಎಂಬ ಇನ್ನೊಂದು ಸಾರ್ವಜನಿಕ ವಸತಿ ಗೋಪುರವಿತ್ತು. 1968ರ ಮೇ 16ರಂದು ಒಂದು ಮನೆಯ ಅನಿಲ ಸ್ಫೋಟಕ್ಕೆ ಇಡೀ ಮೂಲೆ ಕುಸಿದು ನಾಲ್ವರು ಸತ್ತರು, ಏಕೆಂದರೆ ದೊಡ್ಡ ಕಾಂಕ್ರೀಟ್ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿದ ಆ ರಚನೆಯಲ್ಲಿ ಹಲಗೆಗಳ ನಡುವಿನ ಜೋಡಣೆಗಳೇ ದುರ್ಬಲವಾಗಿದ್ದವು. ಸರಿಪಡಿಸಿ ಮತ್ತೆ ಜನರನ್ನು ಇರಿಸಿದರೂ ಕೊನೆಗೆ 1986ರಲ್ಲಿ ಅದನ್ನು ಕಳಚಿದರು. ಅಡಿಪಾಯ ಸಮನಾಗಿ ಕೂರದೆ ಇನ್ನೂ ಕುಸಿಯುತ್ತಿದ್ದರೆ, ಚಾವಣಿಗಳ ಕಂಬಿ ಎಲ್ಲೆಡೆ ತಿಂದುಹೋಗಿದ್ದರೆ, ಭೂಕಂಪದ ವಲಯದಲ್ಲಿದ್ದು ಬಲಪಡಿಸುವುದು ಅಸಾಧ್ಯವಾದರೆ ನಾನೂ ಕೆಡವಿ ಎನ್ನುತ್ತೇನೆ. ಆಗಲೂ ಹಳೆಯ ಇಟ್ಟಿಗೆಯನ್ನು ಕಸಕ್ಕೆ ಹಾಕಬೇಡಿ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ತಟ್ಟಿದರೆ ಬಿಡಿಬಿಡಿಯಾಗಿ ಬರುತ್ತದೆ, ಸಿಮೆಂಟಿನಲ್ಲಿ ಕಟ್ಟಿದ್ದು ಒಡೆದು ಬರುತ್ತದೆ.

ಹೊಸದನ್ನು ಕಟ್ಟುವುದಾದರೆ ಎತ್ತರವೊಂದೇ ದಾರಿ ಎಂಬ ಮಾತನ್ನು ನಂಬಬೇಡಿ. ಇಂಗ್ಲೆಂಡಿನ ಹಳೆಯ ನಗರ ನಾರಿಚ್‌ನಲ್ಲಿ ನಗರಸಭೆ ಕಟ್ಟಿಸಿದ ಗೋಲ್ಡ್‌ಸ್ಮಿತ್ ಸ್ಟ್ರೀಟ್ ವಸತಿಯಲ್ಲಿ ಸುಮಾರು ನೂರು ಮನೆಗಳು ತಗ್ಗಿನ ಸಾಲುಮನೆಗಳಾಗಿಯೇ ನಿಂತಿವೆ. ಅಲ್ಲಿನ ಹಳೆಯ ಬೀದಿಗಳನ್ನು ಅಳೆದು ನೋಡಿ, ಹೊಸ ಬೀದಿಯ ಅಗಲವನ್ನು 14 ಮೀಟರಿಗೆ ಇಳಿಸಿಕೊಂಡರು. ಚಾವಣಿಯ ಇಳಿಜಾರನ್ನು ಎದುರುಮನೆಯ ಬಿಸಿಲು ತಪ್ಪದಂತೆ ಓರೆ ಮಾಡಿದರು. ಮನೆಗಳು ಪ್ಯಾಸಿವ್‌ಹೌಸ್ ಮಾನದಂಡದವು, ಅಂದರೆ ಒಂದು ಚದರ ಮೀಟರಿಗೆ ವರ್ಷಕ್ಕೆ 15 ಯೂನಿಟ್ಟಿನಷ್ಟು ಶಾಖದಲ್ಲಿ ಚಳಿಗಾಲ ಕಳೆಯುವಂಥವು. ಗಾಳಿ ನುಸುಳದಿರಲೆಂದು ಅಂಚೆ ಹಾಕುವ ಸೀಳನ್ನೂ ಬಾಗಿಲಿನಿಂದ ತೆಗೆದು ಹೊರಗಿನ ಜಗಲಿಗೆ ಸರಿಸಿದರು. 2019ರಲ್ಲಿ ಅದಕ್ಕೆ ಬ್ರಿಟನ್ನಿನ ಸ್ಟರ್ಲಿಂಗ್ ವಾಸ್ತುಶಿಲ್ಪ ಪ್ರಶಸ್ತಿ ಬಂದಾಗ ಮನೆಗಳಲ್ಲಿ ಇದ್ದವರು ನಗರಸಭೆಯ ಬಾಡಿಗೆದಾರರೇ.

ನೀವು ಕೇಳದೆ ಬಿಟ್ಟ ಪ್ರಶ್ನೆಯೇ ಇದರಲ್ಲೆಲ್ಲ ದೊಡ್ಡದು: ಕೆಲಸ ನಡೆಯುವಾಗ ನೀವೆಲ್ಲಿ ಇರುತ್ತೀರಿ, ಮುಗಿದ ಮೇಲೆ ಯಾರು ವಾಪಸಾಗುತ್ತೀರಿ? ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ 2005ರ ಕತ್ರಿನಾ ಚಂಡಮಾರುತದ ನಂತರ ನಾಲ್ಕು ದೊಡ್ಡ ಸಾರ್ವಜನಿಕ ವಸತಿಗಳಿಗೆ ಬೀಗ ಬಿತ್ತು. ಲಫೀಟ್ ಸೇರಿದಂತೆ ಅವುಗಳಲ್ಲಿ ಹಲವು ಗಟ್ಟಿ ಇಟ್ಟಿಗೆ ಕಟ್ಟಡಗಳು, ಪ್ರವಾಹವನ್ನು ತಾಳಿಕೊಂಡು ನಿಂತಿದ್ದವು. 2007ರ ಡಿಸೆಂಬರಿನಲ್ಲಿ ನಗರಸಭೆ ಒಮ್ಮತದಿಂದ ಸುಮಾರು 4,500 ಮನೆಗಳನ್ನು ಕೆಡವಲು ಒಪ್ಪಿತು. ಅವುಗಳ ಜಾಗದಲ್ಲಿ ಬಂದದ್ದು ಬೇರೆ ಬೇರೆ ಆದಾಯದವರಿಗೆ ಹಂಚಿದ ಬಡಾವಣೆಗಳು, ಚೆಂದವಾಗಿಯೂ ಇವೆ. ಆದರೆ ಕಡುಬಡವರಿಗೆ ಸಿಗುವ ಮನೆಗಳ ಸಂಖ್ಯೆ ಬಹಳ ಇಳಿಯಿತು. ಕೆಡವಿದಷ್ಟೇ ಮನೆ ಕಟ್ಟಿಕೊಡಬೇಕೆಂಬ ಹಳೆಯ ನಿಯಮವನ್ನು ಅಮೆರಿಕ 1990ರ ದಶಕದಲ್ಲೇ ಕೈಬಿಟ್ಟಿತ್ತು.

ಇದಕ್ಕೆ ಎದುರಾಗಿ ಮೆಕ್ಸಿಕೊ ನಗರವನ್ನು ನೋಡಿ. 1985ರ ಸೆಪ್ಟೆಂಬರ್ 19ರ ಭೂಕಂಪದಲ್ಲಿ ಹಳೆಯ ಊರಿನ ಅಂಗಳದ ವಠಾರಗಳು ಕುಸಿದವು. ಜನರನ್ನು ಹೊರವಲಯಕ್ಕೆ ಸಾಗಿಸಬಾರದು ಎಂದು ನಿವಾಸಿಗಳ ಸಂಘಗಳು ಬೀದಿಗಿಳಿದವು. ಸರ್ಕಾರ ಅಕ್ಟೋಬರಿನಲ್ಲೇ ಸಾವಿರಾರು ನಿವೇಶನಗಳನ್ನು ಸ್ವಾಧೀನಕ್ಕೆ ತೆಗೆದುಕೊಂಡು ಸುಮಾರು ಎರಡು ವರ್ಷದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಮನೆಗಳನ್ನು ಅಲ್ಲಲ್ಲಿಯೇ ಕಟ್ಟಿತು ಅಥವಾ ದುರಸ್ತಿ ಮಾಡಿತು. ಅಷ್ಟು ದಿನ ಅನೇಕ ಕುಟುಂಬಗಳು ಹತ್ತಿರದ ಬೀದಿಗಳಲ್ಲೇ ತಗಡಿನ ತಾತ್ಕಾಲಿಕ ಮನೆಗಳಲ್ಲಿ ಇದ್ದವು. ಹೊಸ ಮನೆಗಳು ಅಂಗಳದ ಸುತ್ತಲೇ ಬಂದವು, ಉಳಿಸಬಹುದಾದ ಚಾರಿತ್ರಿಕ ಗೋಡೆಗಳು ಉಳಿದವು. ಮನೆ ಚಿಕ್ಕದು, ನಿಜ. ವಿಳಾಸ ಮಾತ್ರ ಹಳೆಯದೇ.

ಹಾಗಾಗಿ ಮಂಡಳಿಯ ಮುಂದೆ ಕೂತಾಗ ವಿನ್ಯಾಸದ ಚಿತ್ರಗಳನ್ನು ಬದಿಗಿಡಿ. ಈಗಿರುವ ಮನೆಗಳ ಸಂಖ್ಯೆ, ಅಳತೆ, ಬಾಡಿಗೆ, ವಾಸವಿರುವ ಕುಟುಂಬಗಳ ಹೆಸರುಪಟ್ಟಿ, ಇವಿಷ್ಟನ್ನು ಎರಡೂ ಕಡೆಯವರು ಸಹಿ ಮಾಡಿದ ದಾಖಲೆಯಾಗಿ ಮೊದಲು ಪಡೆಯಿರಿ; ಒಳಬಾಡಿಗೆಗೆ ಇರುವವರನ್ನು ಪಟ್ಟಿಯಿಂದ ಬಿಡಬೇಡಿ. ಸಣ್ಣ ಮನೆಗಳನ್ನು ಸೇರಿಸಿ ದೊಡ್ಡದು ಮಾಡಿದರೆ ಸಂಖ್ಯೆ ಇಳಿಯುತ್ತದೆ ಎಂಬುದೂ ನೆನಪಿರಲಿ. ವಿಯೆನ್ನಾದಲ್ಲಿ 1930ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ಸಾರ್ವಜನಿಕ ವಸತಿಯಲ್ಲಿ ಮೊದಲು 1,382 ಮನೆಗಳಿದ್ದವು, ನವೀಕರಣದಲ್ಲಿ ಹೀಗೆ ಜೋಡಿಸಿದ್ದರಿಂದ ಕಡಿಮೆಯಾದವು. ನಿಮ್ಮಲ್ಲಿ ಹಾಗಾದರೆ ಮನೆ ತಪ್ಪಿದ ಕುಟುಂಬಗಳಿಗೆ ಅದೇ ಬಡಾವಣೆಯಲ್ಲಿ ಮನೆ ಎಲ್ಲಿ ಎಂಬುದಕ್ಕೆ ಕೆಲಸ ಶುರುವಾಗುವ ಮೊದಲೇ ಉತ್ತರ ಬೇಕು.

ಆಮೇಲೆ ಹಂತಗಳು. ಖಾಲಿ ಬಿದ್ದಿರುವ ಮನೆಗಳನ್ನು ಮೊದಲು ದುರಸ್ತಿ ಮಾಡಿ, ಪಕ್ಕದ ಸಾಲಿನ, ಅಂದರೆ ಒಂದೇ ಮೆಟ್ಟಿಲು ಬಳಸುವ ಮನೆಗಳ, ಕುಟುಂಬಗಳನ್ನು ಅಲ್ಲಿಗೆ ಸರಿಸಿ, ಖಾಲಿಯಾದ ಸಾಲನ್ನು ಮುಂದೆ ಕೈಗೆತ್ತಿಕೊಳ್ಳುವ ಪದ್ಧತಿಯಲ್ಲಿ ಯಾರೂ ಊರು ಬಿಡಬೇಕಿಲ್ಲ. ಗುತ್ತಿಗೆದಾರರಿಗೆ ಇದು ಇಷ್ಟವಾಗುವುದಿಲ್ಲ, ಸಮಯವೂ ಹೆಚ್ಚು ಹಿಡಿಯುತ್ತದೆ. ಮೊದಲು ದುರಸ್ತಿಯಾದ ಸಾಲಿನ ಮನೆಗಳು ಒಂದು ಮಳೆಗಾಲ ಕಳೆಯುವವರೆಗೆ ಎರಡನೆಯ ಹಂತದ ಹಣ ಬಿಡುಗಡೆ ಮಾಡಬಾರದೆಂಬ ಷರತ್ತನ್ನೂ ಒಪ್ಪಂದದಲ್ಲಿ ಸೇರಿಸಿ.